ನಾಲ್ಕು ರಿಮೋಟ್ ಬದಲು ಒಂದು ತಂದೆ, ಕೋಡ್ ಹಾಕಿದರೂ ಪೂರ್ತಿ ಕೆಲಸ ಮಾಡುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆಯಲ್ಲಿ ಟಿವಿ, ಡಿಟಿಎಚ್ ಬಾಕ್ಸ್, ಸೌಂಡ್‌ಬಾರ್, ಫೈರ್ ಟಿವಿ ಸ್ಟಿಕ್ ಇವೆ. ಅಮ್ಮನಿಗೆ ನಾಲ್ಕು ರಿಮೋಟ್ ಕಷ್ಟ ಅಂತ ಶಿವಮೊಗ್ಗದಿಂದ ಒಂದು ಯೂನಿವರ್ಸಲ್ ರಿಮೋಟ್ ತಂದೆ. ಕೋಡ್ ಹಾಕಬಹುದು, ಬೇರೆ ರಿಮೋಟ್ ನೋಡಿ ಕಲಿಯುತ್ತದೆ, ಒಂದೇ ಗುಂಡಿಗೆ ಹಲವು ಆದೇಶ ಸೇರಿಸಬಹುದು. ಟಿವಿ ಕೋಡ್ ಹಾಕಿದೆ, ವಾಲ್ಯೂಮ್ ಕೆಲಸ ಮಾಡುತ್ತದೆ, ಮೆನು ಮಾತ್ರ ಬರುವುದಿಲ್ಲ. ಬಾಕ್ಸಿನ ಗುಂಡಿಗಳನ್ನು ಕಲಿಸಿದೆ, 12 ಒತ್ತಿದರೆ ಸರಿ, 11 ಒತ್ತಿದರೆ ಒಂದೇ 1 ಬೀಳುತ್ತದೆ. ಎಲ್ಲ ಒಟ್ಟಿಗೆ ಆನ್ ಆಗುವ ಗುಂಡಿ ಮಾಡಿದ್ದೆ, ಕರೆಂಟ್ ಹೋಗಿ ಬಂದ ಮೇಲೆ ಟಿವಿ ಆನ್ ಆದರೆ ಬಾಕ್ಸ್ ಆಫ್ ಆಗುತ್ತದೆ. ಫೈರ್ ಸ್ಟಿಕ್ ಅಂತೂ ಜಪ್ಪಯ್ಯ ಅಂದರೂ ಕೇಳುವುದಿಲ್ಲ. ರಿಮೋಟ್ ಹಾಳಾಗಿದೆಯಾ? ವಾಪಸ್ ಕೊಡಲಾ?

ಉತ್ತರ: ವಾಪಸ್ ಕೊಡಬೇಡಿ. ನೀವು ಬರೆದಿರುವುದರಲ್ಲಿ ರಿಮೋಟ್ ಕೆಟ್ಟಿದೆ ಅನ್ನುವ ಲಕ್ಷಣ ಒಂದೂ ಇಲ್ಲ. ನಾಲ್ಕು ತೊಂದರೆ ಹೇಳಿದ್ದೀರಿ, ನಾಲ್ಕಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ಒಂದೇ ರೋಗ ಅಂದುಕೊಂಡು ರೀಸೆಟ್ ಮಾಡುತ್ತಾ ಕೂತರೆ ಸರಿ ಇದ್ದದ್ದೂ ಅಳಿಸಿ ಹೋಗುತ್ತದೆ, ಆದ್ದರಿಂದ ಸದ್ಯಕ್ಕೆ ರೀಸೆಟ್ ಗುಂಡಿಯ ತಂಟೆಗೆ ಹೋಗಬೇಡಿ.

ಮೊದಲು ಒಂದು ವಿಷಯ ಗೊತ್ತಿರಲಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ರಿಮೋಟಿನ ಮೂತಿಯಲ್ಲಿ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಇರುತ್ತದೆ. ಅದರ ಬೆಳಕು ಸಾಮಾನ್ಯವಾಗಿ 940 ನ್ಯಾನೊಮೀಟರ್ ಆಸುಪಾಸು, ಕಣ್ಣಿಗೆ ಕಾಣುವುದಿಲ್ಲ. ಗುಂಡಿ ಒತ್ತಿದಾಗ ಅದು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ, ಆ ಮಿನುಗನ್ನೂ ಬಿಟ್ಟು ಬಿಟ್ಟು ಕಳಿಸುತ್ತದೆ, ಆ ತುಂಡುಗಳ ಉದ್ದ ಗಿಡ್ಡದಲ್ಲೇ "ವಾಲ್ಯೂಮ್ ಏರಿಸು" ಅನ್ನುವ ಮಾತು ಅಡಗಿರುತ್ತದೆ. ಅಷ್ಟೇ. ವಾಪಸ್ ಏನೂ ಬರುವುದಿಲ್ಲ. ತೋಟದ ಆಚೆ ಬದಿಯಲ್ಲಿರುವವರಿಗೆ ಕೂಗು ಹಾಕಿದ ಹಾಗೆ, ಕೇಳಿಸಿತೋ ಇಲ್ಲವೋ ಅಂತ ಕೂಗಿದವರಿಗೆ ತಿಳಿಯುವುದಿಲ್ಲ. ಟಿವಿ ಈಗ ಆನ್ ಇದೆಯಾ ಆಫ್ ಇದೆಯಾ ಅನ್ನುವುದು ನಿಮ್ಮ ರಿಮೋಟಿಗೆ ಗೊತ್ತೇ ಇಲ್ಲ.

ಈಗ ಟಿವಿ ಮೆನು. ಒಂದೇ ಕಂಪನಿಯ ಟಿವಿಗಳಿಗೆ ರಿಮೋಟ್ ಜೊತೆ ಬರುವ ಪುಸ್ತಕದಲ್ಲಿ ಹತ್ತಾರು ಕೋಡ್ ಕೊಟ್ಟಿರುತ್ತಾರಲ್ಲ, ಅದು ಸುಮ್ನೆ ಅಲ್ಲ. ಬೇರೆ ಬೇರೆ ವರ್ಷದ ಮಾಡೆಲ್‌ಗಳಲ್ಲಿ ಪವರ್, ವಾಲ್ಯೂಮ್ ಸಂಕೇತ ಒಂದೇ ಇದ್ದು, ಮೆನು, ಸೋರ್ಸ್, ಬ್ಯಾಕ್ ಗುಂಡಿಗಳ ಸಂಕೇತ ಬದಲಾಗಿರಬಹುದು. ನೀವು ಹಾಕಿದ್ದು ಅರ್ಧ ಹೊಂದುವ ಕೋಡ್. ವಾಲ್ಯೂಮ್ ಬಂತು ಅಂತ ಖುಷಿಯಲ್ಲಿ ಅಲ್ಲಿಗೇ ನಿಲ್ಲಿಸಿಬಿಡುವುದು ತುಂಬಾ ಜನ ಮಾಡುವ ಕೆಲಸ. ಪಟ್ಟಿಯಲ್ಲಿ ಅದರ ಹಿಂದೆ ಮುಂದೆ ಇರುವ ಕೋಡ್‌ಗಳನ್ನು ಹಾಕಿ ನೋಡಿ, ಪ್ರತಿ ಸಲವೂ ಪವರ್ ಒತ್ತಿ ಪರೀಕ್ಷಿಸುವ ಬದಲು ಮೆನು ಮತ್ತು ಸೋರ್ಸ್ ಒತ್ತಿ ಪರೀಕ್ಷಿಸಿ. ಆ ಎರಡು ಬಂದರೆ ಉಳಿದದ್ದು ಬಹುತೇಕ ಬರುತ್ತದೆ.

ಇನ್ನೊಂದು ಮಾತು. ಅಗ್ಗದ ಸ್ಮಾರ್ಟ್ ಟಿವಿಗಳಲ್ಲಿ ಮುಂದಿರುವ ಹೆಸರು ಒಬ್ಬರದು, ಒಳಗಿನ ಬೋರ್ಡ್ ಮತ್ತೊಬ್ಬರದು. ಅಂಥ ಟಿವಿಯ ಕೋಡ್ ಅದರ ಹೆಸರಿನ ಕೆಳಗೆ ಸಿಗದೆ ಬೇರೆ ಯಾವುದೋ ಹೆಸರಿನ ಕೆಳಗೆ ಸಿಗಬಹುದು. ಅದಕ್ಕೆ ಆಟೋ ಸರ್ಚ್ ಇದೆ: ಸೆಟ್ ಗುಂಡಿ ಹಿಡಿದು ದೀಪ ಹತ್ತಿದ ಮೇಲೆ ರಿಮೋಟ್ ತಾನೇ ಒಂದೊಂದೇ ಕೋಡ್ ಕಳಿಸುತ್ತಾ ಹೋಗುತ್ತದೆ, ಟಿವಿ ಸ್ಪಂದಿಸಿದ ಕೂಡಲೇ ನಿಲ್ಲಿಸಬೇಕು. ಗುಂಡಿಯ ಹೆಸರು ನಿಮ್ಮದರಲ್ಲಿ ಬೇರೆ ಇರಬಹುದು, ಕ್ರಮ ಹೆಚ್ಚು ಕಡಿಮೆ ಇದೇ. ಒಂದು ಕ್ಷಣ ತಡವಾದರೂ ಮುಂದಿನ ಕೋಡಿಗೆ ಹಾರಿಬಿಡುತ್ತದೆ, ಆದ್ದರಿಂದ ಬೆರಳು ಗುಂಡಿಯ ಮೇಲೇ ಇರಲಿ. ಮನೆಯಲ್ಲಿ ಯಾರದ್ದಾದರೂ ರೆಡ್ಮಿಯಂಥ ಇನ್‌ಫ್ರಾರೆಡ್ ಇರುವ ಫೋನ್ ಇದ್ದರೆ ಅದರ ರಿಮೋಟ್ ಆಪ್‌ನಲ್ಲೂ ನೋಡಬಹುದು. ಅಲ್ಲಿ ಯಾವ ಕಂಪನಿ ಹೆಸರು ಹಿಡಿದಾಗ ಮೆನು ಬರುತ್ತದೋ ಆ ಹೆಸರಿನ ಕೋಡ್‌ಗಳನ್ನು ಪುಸ್ತಕದಲ್ಲಿ ಹುಡುಕಿ.

ಇಷ್ಟು ಮಾಡಿಯೂ ಮೆನು ಬರದಿದ್ದರೆ ಚಿಂತೆ ಬೇಡ. ಈಗಿನ ಕೋಡನ್ನೇ ಇಟ್ಟುಕೊಂಡು ಮೆನು, ಸೋರ್ಸ್, ಬ್ಯಾಕ್, ನಾಲ್ಕು ಬಾಣ, ಓಕೆ ಇಷ್ಟನ್ನು ಟಿವಿಯ ಹಳೇ ರಿಮೋಟಿನಿಂದ ಕಲಿಸಿ. ಕಲಿಯುವ ರಿಮೋಟ್‌ಗಳಲ್ಲಿ ಸಾಮಾನ್ಯವಾಗಿ ಕಲಿಸಿದ್ದು ಕೋಡಿನ ಮೇಲೆ ಕೂರುತ್ತದೆ, ಉಳಿದ ಗುಂಡಿಗಳು ಹಾಗೇ ಇರುತ್ತವೆ.

ಇನ್ನು 11 ಒತ್ತಿದರೆ ಒಂದೇ 1 ಬೀಳುವ ವಿಷಯ. ನೀವು "12 ಸರಿ, 11 ಇಲ್ಲ" ಅಂತ ಬರೆದದ್ದು ಒಳ್ಳೆಯದಾಯಿತು, ರೋಗ ಅಲ್ಲೇ ಗೊತ್ತಾಯಿತು. ಫಿಲಿಪ್ಸ್ ಕಂಪನಿ ರೂಪಿಸಿದ ಆರ್‌ಸಿ-5 ಮತ್ತು ಆರ್‌ಸಿ-6 ಅನ್ನುವ ಸಂಕೇತ ಪದ್ಧತಿಗಳಿವೆ. ಅವುಗಳಲ್ಲಿ ಟಾಗಲ್ ಬಿಟ್ ಅಂತ ಒಂದು ಗುರುತು ಇರುತ್ತದೆ. ಗುಂಡಿ ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಆ ಗುರುತು 0 ಇದ್ದದ್ದು 1, 1 ಇದ್ದದ್ದು 0 ಆಗುತ್ತದೆ. ಒತ್ತಿ ಹಿಡಿದುಕೊಂಡರೆ ಬದಲಾಗುವುದಿಲ್ಲ. ಬಾಕ್ಸಿಗೆ ಇದು ಹೊಸ ಒತ್ತೋ ಹಳೇ ಒತ್ತಿನ ಮುಂದುವರಿಕೆಯೋ ಅಂತ ಗೊತ್ತಾಗುವುದು ಅದರಿಂದಲೇ. ಕಲಿಯುವ ರಿಮೋಟ್ ಏನು ಮಾಡುತ್ತದೆ ಅಂದರೆ, ಆ ಕ್ಷಣದಲ್ಲಿ ಬಂದದ್ದನ್ನು ಹಾಗೇ ಅಚ್ಚು ತೆಗೆದಿಟ್ಟುಕೊಳ್ಳುತ್ತದೆ, ಟಾಗಲ್ ಬಿಟ್ ಕೂಡ ಅಚ್ಚಿನಲ್ಲಿ ಸೇರಿ ಗಟ್ಟಿಯಾಗಿಬಿಡುತ್ತದೆ. ನೀವು ಎರಡು ಸಲ 1 ಒತ್ತಿದಿರಿ, ಬಾಕ್ಸ್ ಅದನ್ನು ಒಂದೇ ಉದ್ದ ಒತ್ತು ಅಂತ ತಿಳಿದುಕೊಂಡಿತು. 22, 100 ಒತ್ತಿದರೂ ಹೀಗೇ ಆಗುತ್ತದೆ, ನೋಡಿ ಬೇಕಾದರೆ.

ಎಷ್ಟೇ ಸಲ ಮತ್ತೆ ಕಲಿಸಿದರೂ ಇದು ಹೋಗುವುದಿಲ್ಲ, ಆ ಶ್ರಮ ಬೇಡ. ಸರಿಯಾದ ದಾರಿ ಅಂದರೆ ಬಾಕ್ಸಿಗೆ ಕಲಿಸಿದ ಗುಂಡಿಗಳ ಬದಲು ಒಳಗೇ ಇರುವ ಕೋಡ್ ಹಾಕುವುದು, ಅದರಲ್ಲಿ ಟಾಗಲ್ ಸರಿಯಾಗಿ ಬದಲಾಗುತ್ತದೆ. ಆದರೆ ಹೊರದೇಶದಿಂದ ಬರುವ ಎಷ್ಟೋ ರಿಮೋಟ್‌ಗಳ ಪಟ್ಟಿಯಲ್ಲಿ ನಮ್ಮ ಡಿಟಿಎಚ್ ಬಾಕ್ಸ್‌ಗಳು ಇರುವುದೇ ಇಲ್ಲ. ಆಗ ಎರಡು ಉಪಾಯ. ಎರಡು ಒತ್ತಿನ ನಡುವೆ ಸ್ವಲ್ಪ ಹೊತ್ತು ಬಿಡಿ, ಕೆಲವು ಬಾಕ್ಸ್‌ಗಳು ಬಿಡುವು ಕಂಡರೆ ಹೊಸ ಒತ್ತು ಅಂತ ಒಪ್ಪಿಕೊಳ್ಳುತ್ತವೆ. ಅಥವಾ ಅಮ್ಮ ನೋಡುವ ಚಾನೆಲ್‌ಗಳನ್ನು ಬಾಕ್ಸಿನ ಫೇವರಿಟ್ ಪಟ್ಟಿಗೆ ಸೇರಿಸಿ, ನಂಬರ್ ಒತ್ತುವ ಗೋಜೇ ಬೇಡ.

ಮುಂದೆ ಯಾವತ್ತಾದರೂ ಇದರ ಉಲ್ಟಾ ಆದರೆ, ಅಂದರೆ ಒಂದು ಸಲ ಒತ್ತಿದರೆ ಎರಡು ಬಿದ್ದರೆ, ಅದು ಬೇರೆ ಕಾರಣ. ಕಲಿಸುವಾಗ ಹಳೇ ರಿಮೋಟಿನ ಗುಂಡಿಯನ್ನು ಜಾಸ್ತಿ ಹೊತ್ತು ಹಿಡಿದಿರುತ್ತೀರಿ. ಚಿಕ್ಕದಾಗಿ ಒತ್ತಿ ಮತ್ತೆ ಕಲಿಸಿದರೆ ಸರಿಹೋಗುತ್ತದೆ.

ಕಲಿಸುವ ಕೆಲಸಕ್ಕೆ ಬಂದಿದ್ದೀವಲ್ಲ, ಅದರ ಕ್ರಮವನ್ನೂ ಹೇಳಿಬಿಡುತ್ತೇನೆ. ಎರಡೂ ರಿಮೋಟಿಗೆ ಹೊಸ ಸೆಲ್ ಹಾಕಿ. ಹೊಸದಕ್ಕೆ ಮಾತ್ರ ಹಾಕಿ ಹಳೇದರಲ್ಲಿ ಸತ್ತುಹೋಗುತ್ತಿರುವ ಸೆಲ್ ಬಿಟ್ಟರೆ ಅದು ಕಳಿಸುವ ಬೆಳಕೇ ಮಂಕು, ಕಲಿತದ್ದೂ ಅರೆಬರೆ. ರೀಚಾರ್ಜ್ ಮಾಡುವ ಸೆಲ್ 1.2 ವೋಲ್ಟ್, ಮಾಮೂಲಿ ಸೆಲ್ 1.5 ವೋಲ್ಟ್, ಹಾಗಾಗಿ ಕಲಿಸುವ ದಿನ ಮಾಮೂಲಿ ಸೆಲ್ಲೇ ಇರಲಿ. ಮೇಜಿನ ಮೇಲೆ ಎರಡನ್ನೂ ಮೂತಿಗೆ ಮೂತಿ ಎದುರಾಗಿ ಇಟ್ಟು, ನಡುವೆ ಎರಡು ಮೂರು ಬೆರಳು ಜಾಗ ಬಿಡಿ. ಒಂದು ದಪ್ಪ ಒಂದು ತೆಳ್ಳಗೆ ಇದ್ದರೆ ತೆಳ್ಳಗಿನದರ ಅಡಿಗೆ ಪುಸ್ತಕ ಕೊಟ್ಟು ಮೂತಿ ಸಮ ಮಾಡಿ. ಕಿಟಕಿಯ ಬಿಸಿಲು ಬೀಳುವ ಜಾಗ ಬೇಡ, ಸಿಎಫ್‌ಎಲ್ ದೀಪ ಹತ್ತಿರ ಇದ್ದರೆ ಆರಿಸಿ, ಇವೆರಡೂ ಇನ್‌ಫ್ರಾರೆಡ್ ಗಲಾಟೆ ಎಬ್ಬಿಸುತ್ತವೆ. ಕಲಿಸಿದ ಮೇಲೆ ಹತ್ತಿರ ಹೋದರೆ ಮಾತ್ರ ಕೆಲಸ ಮಾಡಿ, ದೂರದಿಂದ ಮಾಡದಿದ್ದರೆ ಅದಕ್ಕೂ ಕಾರಣ ಇದೆ. ಎಲ್ಲ ಕಂಪನಿಗಳೂ 38 ಕಿಲೋಹರ್ಟ್ಸ್, ಅಂದರೆ ಮೊದಲು ಹೇಳಿದ ಸೆಕೆಂಡಿಗೆ 38,000 ಮಿನುಗು, ಬಳಸುವುದಿಲ್ಲ, ಆರ್‌ಸಿ-5 ಇರುವುದು 36ರಲ್ಲಿ, ಸೋನಿಯದು 40ರಲ್ಲಿ. ಅಗ್ಗದ ಕಲಿಯುವ ರಿಮೋಟ್‌ಗಳು ಆ ವ್ಯತ್ಯಾಸ ಅಳೆಯದೆ ಎಲ್ಲವನ್ನೂ 38ರಲ್ಲೇ ವಾಪಸ್ ಕಳಿಸುತ್ತವೆ. ಟಿವಿ ಹೇಗೋ ಅರ್ಥ ಮಾಡಿಕೊಳ್ಳುತ್ತದೆ, ಆದರೆ ದೂರ ಕಮ್ಮಿಯಾಗುತ್ತದೆ. ಇಲ್ಲೂ ಒಳಗಿನ ಕೋಡೇ ಮೇಲು.

ಈಗ ನಿಮ್ಮ ಮುಖ್ಯ ತಲೆನೋವು, ಎಲ್ಲ ಒಟ್ಟಿಗೆ ಆನ್ ಆಗುವ ಗುಂಡಿ. ಮಲೆನಾಡಿನಲ್ಲಿ ಈ ಗುಂಡಿ ಕೈಕೊಡುವಷ್ಟು ಬೇರೆ ಕಡೆ ಕೈಕೊಡುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಜೂನ್ ಬಂತೆಂದರೆ ಮರ ಬಿದ್ದು ತಂತಿ ಹರಿದು ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೋ ಲೆಕ್ಕವಿಲ್ಲ. ನಿಮ್ಮ ಟಿವಿಯ ಪವರ್ ಗುಂಡಿಗೆ ಇರುವುದು ಒಂದೇ ಸಂಕೇತ: "ಈಗ ಇರುವುದರ ಉಲ್ಟಾ ಆಗು." ಬಾಕ್ಸಿಗೂ ಅದೇ. ಎರಡೂ ಆಫ್ ಇದ್ದಾಗ ಒತ್ತಿದರೆ ಎರಡೂ ಆನ್. ಆದರೆ ಕರೆಂಟ್ ಹೋಗಿ ಬಂದಾಗ ಎಷ್ಟೋ ಬಾಕ್ಸ್‌ಗಳು ತಾವೇ ಎದ್ದು ಕೂರುತ್ತವೆ, ಟಿವಿ ಮಾತ್ರ ಸ್ಟ್ಯಾಂಡ್‌ಬೈನಲ್ಲಿ ಉಳಿಯುತ್ತದೆ. ಆಮೇಲೆ ಅಮ್ಮ ಗುಂಡಿ ಒತ್ತಿದರೆ ಟಿವಿ ಆನ್, ಬಾಕ್ಸ್ ಆಫ್. ಸಿಗ್ನಲ್ ಇಲ್ಲ ಅಂತ ಪರದೆಯ ಮೇಲೆ ಬರುತ್ತದೆ, ಅಮ್ಮ ಮತ್ತೆ ಒತ್ತುತ್ತಾರೆ, ಟಿವಿ ಆಫ್, ಬಾಕ್ಸ್ ಆನ್. ಅವರು ಎಷ್ಟು ಸಲ ಒತ್ತಿದರೂ ಎರಡೂ ಒಟ್ಟಿಗೆ ಬರುವುದಿಲ್ಲ. ನೀವು ಊರಲ್ಲಿ ಇಲ್ಲದಿದ್ದರೆ ಪಾಪ ಅವರು ಟಿವಿ ಕೆಟ್ಟಿತು ಅಂತ ಸುಮ್ಮನಾಗಿಬಿಡುತ್ತಾರೆ, ಅಲ್ವಾ?

ಆನ್‌ಗೆ ಒಂದು, ಆಫ್‌ಗೆ ಒಂದು ಅಂತ ಬೇರೆ ಬೇರೆ ಸಂಕೇತ ಇದ್ದರೆ ಈ ಗೋಳು ಇರುವುದಿಲ್ಲ. ಸ್ಯಾಮ್‌ಸಂಗ್, ಎಲ್‌ಜಿ, ಸೋನಿಯ ಹಲವು ಟಿವಿಗಳು ಅಂಥ ಸಂಕೇತಗಳನ್ನು ಅರ್ಥ ಮಾಡಿಕೊಳ್ಳುತ್ತವೆ, ಆದರೆ ಅವುಗಳ ಸ್ವಂತ ರಿಮೋಟಿನಲ್ಲಿ ಅದಕ್ಕೆ ಗುಂಡಿ ಇರುವುದಿಲ್ಲ. ಗುಂಡಿಯೇ ಇಲ್ಲದ್ದನ್ನು ಕಲಿಸುವುದು ಹೇಗೆ? ನಿಮ್ಮ ರಿಮೋಟಿನ ಕೋಡ್ ಭಂಡಾರದಲ್ಲೇ ಇದ್ದರೆ ಸಿಕ್ಕಿತು, ಇಲ್ಲವಾದರೆ ಇಲ್ಲ.

ನನ್ನ ಸಲಹೆ ಇದಕ್ಕಿಂತ ಸರಳ. ಒಟ್ಟು ಗುಂಡಿಯಿಂದ ಬಾಕ್ಸಿನ ಪವರ್ ತೆಗೆದುಹಾಕಿ. ಬಾಕ್ಸ್ ಯಾವಾಗಲೂ ಚಾಲೂ ಇರಲಿ. ಹಲವು ಡಿಟಿಎಚ್ ಬಾಕ್ಸ್‌ಗಳಲ್ಲಿ ಚಾಲೂ ಇರುವುದಕ್ಕೂ ಸ್ಟ್ಯಾಂಡ್‌ಬೈಗೂ ಕರೆಂಟ್ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ರಾತ್ರಿ ಬೇಡವಾದರೆ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ, ಬೆಳಿಗ್ಗೆ ಸ್ವಿಚ್ ಹಾಕಿದಾಗ ತಾನೇ ಎದ್ದರೆ ಗೆದ್ದಿರಿ. ಎದ್ದೇಳದ ಬಾಕ್ಸ್ ಆದರೆ ಪವರ್ ಬದಲು ಒಂದು ಚಾನೆಲ್ ಗುಂಡಿ ಒತ್ತಿ ನೋಡಿ. ಸ್ಟ್ಯಾಂಡ್‌ಬೈನಲ್ಲಿರುವ ಕೆಲವು ಬಾಕ್ಸ್‌ಗಳು ಅದಕ್ಕೇ ಎಚ್ಚರವಾಗುತ್ತವೆ, ಹಾಗಿದ್ದರೆ ಒಟ್ಟು ಗುಂಡಿಗೆ ಪವರ್ ಬದಲು ಆ ಚಾನೆಲ್ ಗುಂಡಿಯನ್ನು ಸೇರಿಸಿ. ಆನ್ ಇದ್ದರೂ ಚಾನೆಲ್ ಬದಲಾಗುತ್ತದೆ ಅಷ್ಟೇ, ಆಫ್ ಅಂತೂ ಆಗುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಟಿವಿ ಬಾಕ್ಸ್ ಎರಡನ್ನೂ ಆ ಲೈನಿಗೆ ಹಾಕಿಸಿ, ಒಂದು ಇನ್ವರ್ಟರಿನಲ್ಲಿ ಮತ್ತೊಂದು ಬರೀ ಕರೆಂಟಿನಲ್ಲಿ ಇದ್ದರೆ ಎರಡರ ಸ್ಥಿತಿ ತಪ್ಪಿಹೋಗುವುದು ಖಂಡಿತ.

ಒಟ್ಟು ಗುಂಡಿಯಲ್ಲಿ ಟಿವಿ ಆನ್ ಆದ ಮೇಲೆ ಸೋರ್ಸ್ ಬದಲಿಸುವ ಆದೇಶ ಇಟ್ಟಿದ್ದರೆ ನಡುವೆ ಹತ್ತು ಸೆಕೆಂಡ್‌ ಬಿಡುವು ಕೊಡಿ. ಸ್ಮಾರ್ಟ್ ಟಿವಿಗೆ ಎದ್ದು ಕಣ್ಣು ಬಿಡಲು ಹೊತ್ತು ಬೇಕು, ಅಷ್ಟರಲ್ಲಿ ಬಂದ ಆದೇಶ ಅದಕ್ಕೆ ಕೇಳಿಸುವುದಿಲ್ಲ. ಮತ್ತೆ, ಎಲ್ಲ ಆದೇಶ ಹೋಗಿ ಮುಗಿಯುವ ತನಕ ರಿಮೋಟ್ ಟಿವಿ ಕಡೆಗೇ ಮುಖ ಮಾಡಿರಬೇಕು. ಒತ್ತಿದ ಕೂಡಲೇ ಕೈ ಕೆಳಗಿಳಿಸುವುದು ಎಲ್ಲರ ಅಭ್ಯಾಸ, ಇದನ್ನು ಅಮ್ಮನಿಗೆ ಒಂದೆರಡು ಸಲ ತೋರಿಸಿಕೊಡಿ.

ಫೈರ್ ಟಿವಿ ಸ್ಟಿಕ್ ಕೇಳದಿರುವುದಕ್ಕೆ ಕಾರಣ, ಅದರಲ್ಲಿ ಇನ್‌ಫ್ರಾರೆಡ್ ಕಣ್ಣೇ ಇಲ್ಲ. ಅದರ ರಿಮೋಟ್ ಸ್ಟಿಕ್ ಜೊತೆ ಮಾತಾಡುವುದು ಬ್ಲೂಟೂತ್‌ನಲ್ಲಿ. ಯಾವ ಕೋಡ್ ಹಾಕಿದರೂ, ಎಷ್ಟು ಕಲಿಸಿದರೂ ನಿಮ್ಮ ರಿಮೋಟ್ ಅದಕ್ಕೆ ನೇರವಾಗಿ ಏನೂ ಹೇಳಲಾರದು. ಆದರೆ ಸುತ್ತುದಾರಿ ಒಂದಿದೆ, ನನಗೆ ಇದು ಬಹಳ ಇಷ್ಟ. ಎಚ್‌ಡಿಎಂಐ ತಂತಿಯಲ್ಲಿ ಚಿತ್ರ, ಶಬ್ದದ ಜೊತೆ ಸಿಇಸಿ ಅನ್ನುವ ಆದೇಶದ ಎಳೆಯೂ ಇರುತ್ತದೆ. ಟಿವಿಗೆ ಬಂದ ಬಾಣದ ಗುಂಡಿ, ಓಕೆ, ಬ್ಯಾಕ್ ಇವನ್ನು ಟಿವಿ ಆ ಎಳೆಯಲ್ಲಿ ಸ್ಟಿಕ್ಕಿಗೆ ದಾಟಿಸುತ್ತದೆ. ಅಂದರೆ ನಿಮ್ಮ ರಿಮೋಟ್ ಟಿವಿಗೆ ಹೇಳುತ್ತದೆ, ಟಿವಿ ಸ್ಟಿಕ್ಕಿಗೆ ಹೇಳುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಚಾಲೂ ಮಾಡಬೇಕು. ಹೆಸರು ಕಂಪನಿಗೊಂದು: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಫಿಲಿಪ್ಸ್‌ನಲ್ಲಿ ಈಜಿಲಿಂಕ್. ಸ್ಟಿಕ್ಕಿನ ಸೆಟ್ಟಿಂಗ್ಸ್‌ನಲ್ಲೂ ಡಿಸ್‌ಪ್ಲೇ ಅಂಡ್ ಸೌಂಡ್ಸ್ ಒಳಗೆ ಸಿಇಸಿ ಆನ್ ಇರಲಿ. ಹಾಡು ಸಿನಿಮಾ ಹೆಸರು ಬಾಯಲ್ಲಿ ಹೇಳಿ ಹುಡುಕಬೇಕಾದರೆ ಮಾತ್ರ ಅದರದ್ದೇ ರಿಮೋಟ್ ಬೇಕು.

ಸೌಂಡ್‌ಬಾರ್‌ಗೂ ಇದೇ ಎಳೆ ಉಪಯೋಗಕ್ಕೆ ಬರುತ್ತದೆ. ಟಿವಿಯ ಹಿಂದೆ ಎಆರ್‌ಸಿ (ಟಿವಿಯ ಶಬ್ದವನ್ನು ಸೌಂಡ್‌ಬಾರಿಗೆ ಕಳಿಸುವ ದಾರಿ) ಅಂತ ಬರೆದಿರುವ ಎಚ್‌ಡಿಎಂಐ ತೂತಿಗೆ ಸೌಂಡ್‌ಬಾರಿನ ಎಆರ್‌ಸಿ ತೂತಿನಿಂದ ತಂತಿ ಹಾಕಿದರೆ ಟಿವಿಯ ವಾಲ್ಯೂಮ್ ಗುಂಡಿಯೇ ಸೌಂಡ್‌ಬಾರನ್ನು ಏರಿಸುತ್ತದೆ, ಇಳಿಸುತ್ತದೆ. ಟಿವಿ ಜೊತೆಗೇ ಏಳುತ್ತದೆ, ಜೊತೆಗೇ ಮಲಗುತ್ತದೆ. ಅಲ್ಲಿಗೆ ನಿಮ್ಮ ನಾಲ್ಕು ಸಾಮಾನು ಎರಡಕ್ಕೆ ಇಳಿಯಿತು: ಟಿವಿ ಮತ್ತು ಬಾಕ್ಸ್. ಅಂದ ಹಾಗೆ ಸೌಂಡ್‌ಬಾರ್ ಟಿವಿಯ ಬುಡದಲ್ಲಿ ಕೂತು ಟಿವಿಯ ಇನ್‌ಫ್ರಾರೆಡ್ ಕಣ್ಣನ್ನೇ ಮುಚ್ಚಿಲ್ಲ ತಾನೇ? ಒಂದು ಸಲ ನೋಡಿ.

ಈಗ ಅಮ್ಮನ ಕೈಗೆ ಕೊಡುವ ಬಗೆ. ಇಂಥ ರಿಮೋಟ್‌ಗಳ ಮೇಲ್ಭಾಗದಲ್ಲಿ ಟಿವಿ, ಎಸ್‌ಟಿಬಿ (ಸೆಟ್ ಟಾಪ್ ಬಾಕ್ಸ್, ಅಂದರೆ ನಿಮ್ಮ ಡಿಟಿಎಚ್ ಬಾಕ್ಸ್), ಆಡಿಯೋ ಅಂತ ಮೋಡ್ ಗುಂಡಿಗಳಿರುತ್ತವೆ, ರಿಮೋಟ್ ಯಾವುದರ ಜೊತೆ ಮಾತಾಡಬೇಕು ಅಂತ ಆರಿಸುವುದು ಇವುಗಳಲ್ಲೇ. ವಯಸ್ಸಾದವರಿಗೆ ರಿಮೋಟ್ "ಕೆಡುವುದು" ಹೆಚ್ಚಾಗಿ ಇಲ್ಲೇ. ಕೈ ತಾಗಿ ಆಡಿಯೋ ಮೋಡಿಗೆ ಹೋಗಿರುತ್ತದೆ, ಆಮೇಲೆ ಚಾನೆಲ್ ಬದಲಾಗುವುದಿಲ್ಲ. ಹಾಗಾಗಿ ಎಸ್‌ಟಿಬಿ ಮೋಡಿನ ಒಳಗೇ ಟಿವಿಯ ಪವರ್, ವಾಲ್ಯೂಮ್, ಮ್ಯೂಟ್ ಕಲಿಸಿಬಿಡಿ. ಚಾನೆಲ್ ಬಾಕ್ಸಿಗೆ, ವಾಲ್ಯೂಮ್ ಟಿವಿಗೆ, ಎರಡೂ ಒಂದೇ ಮೋಡಿನಲ್ಲಿ. ಆಮೇಲೆ ಅವರು ಮೋಡ್ ಗುಂಡಿ ಮುಟ್ಟುವ ಅಗತ್ಯವೇ ಇರುವುದಿಲ್ಲ, ಬೇಕಾದರೆ ಅದರ ಮೇಲೆ ಗಟ್ಟಿ ಟೇಪ್ ಅಂಟಿಸಿ.

ಇದಕ್ಕೂ ಮೊದಲು ನಿಮ್ಮ ಡಿಟಿಎಚ್ ಬಾಕ್ಸಿನ ಸ್ವಂತ ರಿಮೋಟನ್ನು ಕೈಗೆತ್ತಿಕೊಂಡು ನೋಡಿ. ನಮ್ಮ ದೇಶದ ಎಷ್ಟೋ ಡಿಟಿಎಚ್, ಕೇಬಲ್ ರಿಮೋಟ್‌ಗಳಲ್ಲಿ ಟಿವಿ ಅಂತ ಗೆರೆ ಹಾಕಿದ ನಾಲ್ಕೈದು ಗುಂಡಿ ಇರುತ್ತವೆ. ಅವೂ ಕಲಿಯುತ್ತವೆ. ಇದ್ದರೆ ಅಮ್ಮನಿಗೆ ಅದೇ ಸಾಕು: ಬಾಕ್ಸಿಗೆ ಅದು ಹುಟ್ಟಾ ರಿಮೋಟ್ ಆದ್ದರಿಂದ 11 ಒತ್ತಿದರೆ 11 ಬೀಳುತ್ತದೆ, ಟಿವಿಯ ಪವರ್ ವಾಲ್ಯೂಮ್ ಅದರಲ್ಲೇ ಬರುತ್ತದೆ. ಹೊಸ ಯೂನಿವರ್ಸಲ್ ರಿಮೋಟ್ ಟಿವಿ ಮೋಡಿನಲ್ಲಿ ಸ್ಟಿಕ್ ನೋಡುವವರಿಗೆ ಇರಲಿ. ನಾಲ್ಕು ಒಂದಾಗದೆ ಎರಡಾದರೂ, ಅಮ್ಮ ಬಳಸುವುದು ಒಂದೇ ಆಯಿತಲ್ಲ.

ಮಳೆಗಾಲದ ಬಗ್ಗೆ ನೀವು ಕೇಳಿಲ್ಲ, ಆದರೆ ತೀರ್ಥಹಳ್ಳಿ ಕಡೆ ಅಂದಮೇಲೆ ಹೇಳಲೇಬೇಕು. ಥಂಡಿಗೆ ಗುಂಡಿಯ ರಬ್ಬರಿನ ಅಡಿ ತೇವ, ಕೊಳೆ ಕೂತು ಒಂದೊಂದೇ ಗುಂಡಿ ಮೊಂಡಾಗುತ್ತದೆ. ಸೆಲ್ ಕೆಳಗಿನ ಸ್ಕ್ರೂ ಬಿಚ್ಚಿ, ಹಳೇ ಎಟಿಎಂ ಕಾರ್ಡಿನಿಂದ ಅಂಚು ಬಿಡಿಸಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹತ್ತಿಯಲ್ಲಿ ಒರೆಸಿ. ರಬ್ಬರಿನ ಹಿಂದಿರುವ ಕಪ್ಪು ಚುಕ್ಕೆಗಳನ್ನು ಉಜ್ಜಬೇಡಿ, ಅವು ಕಾರ್ಬನ್, ಹೋದರೆ ಗುಂಡಿ ಹೋದ ಹಾಗೆ. ಸೀಮೆಎಣ್ಣೆ, ಪೆಟ್ರೋಲ್ ಖಂಡಿತ ಬೇಡ. ಒಣಗಲಿ ಅಂತ ಒಲೆ ಹತ್ತಿರವೂ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ ಕವರ್ ಸುತ್ತಿಡುವುದು ಧೂಳಿಗೆ ಒಳ್ಳೆಯದೇ, ಆದರೆ ಆಷಾಢದಲ್ಲಿ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಆಗಾಗ ತೆಗೆದು ಗಾಳಿಗೆ ಬಿಡಿ. ಬಳಸದೆ ಇಟ್ಟ ರಿಮೋಟ್‌ಗಳಿಂದ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ಸ್ಪ್ರಿಂಗ್ ತಿಂದುಹಾಕುತ್ತದೆ. ಆದರೆ ಹೊಸ ರಿಮೋಟಿನ ಸೆಲ್ ಬದಲಿಸುವಾಗ ಬೇಗ ಬದಲಿಸಿ, ಅಗ್ಗದವು ಕೆಲವು ಸೆಲ್ ತೆಗೆದಿಟ್ಟರೆ ಹಾಕಿದ ಕೋಡ್ ಮರೆಯುತ್ತವೆ. ಕೋಡ್ ನಂಬರನ್ನು ಚೀಟಿಯಲ್ಲಿ ಬರೆದು ಸೆಲ್ ಮುಚ್ಚಳದ ಒಳಗೆ ಅಂಟಿಸಿಡಿ.

ಒಂದು ದಿನ ಇದ್ದಕ್ಕಿದ್ದ ಹಾಗೆ ಯಾವ ರಿಮೋಟೂ ಕೆಲಸ ಮಾಡದಿದ್ದರೆ ಫೋನಿನ ಸೆಲ್ಫಿ ಕ್ಯಾಮೆರಾ ಎದುರು ಪ್ರತಿ ರಿಮೋಟಿನ ಮೂತಿ ಹಿಡಿದು ನೋಡಿ. ಗುಂಡಿ ಒತ್ತಿದಾಗ ನಸುನೇರಳೆ ಬೆಳಕು ಮಿನುಗಿದರೆ ಅದು ಸರಿ ಇದೆ. ಯಾವುದಾದರೂ ಒಂದು ಒತ್ತದೇ ಮಿನುಗುತ್ತಿದ್ದರೆ ಕಳ್ಳ ಸಿಕ್ಕಿದ: ಗುಂಡಿ ಸಿಕ್ಕಿಕೊಂಡೋ, ದಿಂಬಿನ ಅಡಿ ಒತ್ತಿಹೋಗಿಯೋ ಅದು ಒಂದೇ ಸಮನೆ ಕಳಿಸುತ್ತಾ ಉಳಿದವರ ಮಾತು ಟಿವಿಗೆ ಕೇಳದ ಹಾಗೆ ಮಾಡಿರುತ್ತದೆ. ಎಲ್ಲ ರಿಮೋಟೂ ಸರಿ ಇದ್ದು, ಹಿಂದಿನ ರಾತ್ರಿ ಗುಡುಗು ಸಿಡಿಲು ಜೋರಾಗಿದ್ದರೆ ಟಿವಿ ಅಥವಾ ಬಾಕ್ಸಿಗೇ ಪೆಟ್ಟು ಬಿದ್ದಿರಬಹುದು. ಅದರ ಮೈಮೇಲಿನ ಗುಂಡಿ ಕೆಲಸ ಮಾಡಿ ರಿಮೋಟ್ ಮಾತ್ರ ಮಾಡದಿದ್ದರೆ ಇನ್‌ಫ್ರಾರೆಡ್ ಕಣ್ಣು ಹೋಗಿದೆ ಅಂತ ಅನುಮಾನಿಸಿ, ಅದು ಚಿಕ್ಕ ಬಿಡಿಭಾಗ, ರಿಪೇರಿಯವರು ಬದಲಿಸಿಕೊಡುತ್ತಾರೆ. ಸಿಡಿಲಿನ ಸಮಯದಲ್ಲಿ ಪ್ಲಗ್ ಜೊತೆಗೆ ಡಿಶ್‌ನಿಂದ ಬರುವ ಕೇಬಲನ್ನೂ ಬಿಚ್ಚಬೇಕು, ಆದರೆ ಗುಡುಗು ಶುರುವಾಗುವ ಮೊದಲೇ. ಶುರುವಾದ ಮೇಲೆ ಆ ತಂತಿ ಮುಟ್ಟಬೇಡಿ.

ಕೆಲಸ ಶುರು ಮಾಡುವಾಗ ಸಿಇಸಿ ಮತ್ತು ಎಆರ್‌ಸಿ ಮೊದಲು ಮಾಡಿ, ಆಮೇಲೆ ಟಿವಿ ಕೋಡ್, ಕೊನೆಗೆ ಕಲಿಸುವುದು. ಹೀಗೆ ಮಾಡಿದರೆ ಕಲಿಸಬೇಕಾದ ಗುಂಡಿಗಳೇ ಕಮ್ಮಿಯಾಗುತ್ತವೆ. ಎಲ್ಲ ಕೋಡ್ ನೋಡಿಯೂ ಮೆನು ಬರದಿದ್ದರೆ ಟಿವಿಯ ಹಿಂದಿನ ಸ್ಟಿಕ್ಕರಿನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಮತ್ತು ನಿಮ್ಮ ರಿಮೋಟಿನ ಹೆಸರು ಬರೆದು ಕಳಿಸಿ, ನೋಡಿ ಹೇಳುತ್ತೇನೆ.